ಹನ್ನೊಂದು ಅಡಿ

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಪರೀಕ್ಷಕನಾಗಿ ದುಡಿದವನಿಗೆ ಜನ ಇಟ್ಟ ಹೆಸರು ತಕ್ಕಡಿ. ಅಂಗಡಿಯವರು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಹೆಂಡತಿಯ ಅಕ್ಕ ಮುಖದ ಮೇಲೆಯೇ ಕರೆಯುತ್ತಿದ್ದಳು. ಅವನಿಗೇನೂ ಬೇಸರವಿರಲಿಲ್ಲ. ಐದು ಗ್ರಾಂ ಕಡಿಮೆಯಿರುವ ತೂಕದ ಕಲ್ಲನ್ನು ಅಂಗೈ ಮೇಲಿಟ್ಟುಕೊಂಡೇ ಪತ್ತೆ ಹಚ್ಚುತ್ತಿದ್ದವನಿಗೆ ಅದಕ್ಕಿಂತ ಒಳ್ಳೆಯ ಬಿರುದು ಯಾವುದಿದ್ದೀತು?

ಮೂರು ವರ್ಷಗಳ ಹಿಂದೆ ಹಿತ್ತಿಲ ಗೋಡೆಗೆ ಏಣಿ ಆನಿಸಿ, ನೀರಿನ ತೊಟ್ಟಿಯ ಮುಚ್ಚಳ ಸರಿಮಾಡಲು ಹತ್ತಿದವನು ಬಿದ್ದ. ನೆಲ ಒದ್ದೆಯಾಗಿತ್ತು, ಏಣಿ ಜಾರಿತು. ಸೊಂಟದಿಂದ ಕೆಳಗಿನದೆಲ್ಲ ಅಂದಿಗೇ ಮುಗಿಯಿತು. ನೋಡಲು ಬಂದವರಿಗೆಲ್ಲ ಹೆಂಡತಿ ಹೊರಗಿನ ಕೋಣೆಯಲ್ಲಿ ಕೂತು ಹೇಳುವಳು: “ಒಂಬತ್ತಡಿ ಏಣಿ, ಅದರ ತುದೀಲಿ ನಿಂತಿದ್ರು...” ಒಳಗಿನಿಂದ ಅವನ ದನಿ ಬರುವುದು: “ಒಂಬತ್ತಲ್ಲ, ಹನ್ನೊಂದು.” ಒಂದು ಸಲವೂ ತಪ್ಪಿಸಿದವನಲ್ಲ.

“ಎರಡು ಅಡಿ ಆಚೆ ಈಚೆ ಆದ್ರೆ ನಿಮ್ಮ ಬೆನ್ನುಮೂಳೆ ಕೂಡ್ಕೊಳ್ಳುತ್ತಾ?” ಎಂದು ಹೆಂಡತಿಯ ಅಕ್ಕ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದಳು.

“ಕೂಡ್ಕೊಳ್ಳಲ್ಲ. ಹಾಗಂತ ಅಳತೆ ಬದಲಾಗುತ್ತಾ?” ಎಂದಿದ್ದ ತಕ್ಕಡಿ.

ಕಾಲು ಹೋದ ಮೇಲೆ ಅವನು ಹಿಡಿದದ್ದು ಬೆರಳಚ್ಚಿನ ಕೆಲಸ. ಒಂದು ಕಚೇರಿಯಿಂದ ಧ್ವನಿಮುದ್ರಣಗಳು ಕಂಪ್ಯೂಟರಿಗೆ ಬರುತ್ತಿದ್ದವು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಬರಹಕ್ಕಿಳಿಸಿ ಕಳಿಸಬೇಕು. ಉಳಿದವರು ಕಾಲಿನಲ್ಲಿ ಪೆಡಲ್ ಒತ್ತಿ ಧ್ವನಿ ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ. ಇವನಿಗೆ ಕೈಯೇ ಕಾಲು. ಆದರೂ ಕಚೇರಿಯಲ್ಲಿ ಇವನ ಕೆಲಸಕ್ಕೆ ಎದುರಿರಲಿಲ್ಲ. ಮಾತಿನ ನಡುವಿನ ಮೌನ ಮೂರು ಸೆಕೆಂಡು ಮೀರಿದರೆ ನಮೂದಿಸಬೇಕೆಂಬುದು ನಿಯಮ. ಬೇರೆಯವರು ಸುಮ್ಮನೆ ‘ಮೌನ’ ಎಂದು ಬರೆದು ಮುಂದೆ ಹೋದರೆ, ಇವನು ಗಡಿಯಾರ ಹಿಡಿದು ‘ಮೌನ, ೭ ಸೆ.’ ಎಂದು ಬರೆಯುತ್ತಿದ್ದ.

ಈ ವರ್ಷ ಬಂದದ್ದು ಒಬ್ಬ ಸಂಶೋಧಕಿಯ ಕೆಲಸ. ಹಾಸಿಗೆ ಹಿಡಿದ ಗಂಡಂದಿರನ್ನು ನೋಡಿಕೊಳ್ಳುವ ಆರು ಹೆಂಗಸರ ಸಂದರ್ಶನ. ಜೊತೆಗೆ ಬಂದ ಸೂಚನೆಯಲ್ಲಿ ವಿಧಾನದ ಹೆಸರಿತ್ತು: ವ್ಯಾಖ್ಯಾನಾತ್ಮಕ ಅನುಭವ ವಿಶ್ಲೇಷಣೆ. ಹೆಸರೇ ಏಣಿಯಷ್ಟು ಉದ್ದವಿದೆ ಎಂದುಕೊಂಡ ತಕ್ಕಡಿ. ನಡೆದದ್ದೇನು ಎಂಬುದಲ್ಲ, ನಡೆದದ್ದು ಆ ವ್ಯಕ್ತಿಯ ಪಾಲಿಗೆ ಏನಾಗಿತ್ತು ಎಂಬುದನ್ನು ಹುಡುಕುವುದು. ಆಕೆ ತನ್ನ ಬದುಕಿಗೆ ಕೊಟ್ಟುಕೊಂಡ ಅರ್ಥವನ್ನು ಸಂಶೋಧಕಿ ಮತ್ತೆ ಅರ್ಥಮಾಡಿಕೊಳ್ಳುವುದು. ಅದಕ್ಕೇ ಪುಟದ ಎರಡೂ ಬದಿಗೆ ಅಗಲವಾದ ಅಂಚು ಬಿಡಬೇಕು. ಎಡ ಅಂಚು ಮೊದಲ ಓದಿನಲ್ಲಿ ಹೊಳೆದದ್ದಕ್ಕೆ, ಬಲ ಅಂಚು ಆಮೇಲೆ ಹೆಣೆಯುವ ಎಳೆಗಳಿಗೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯತಕ್ಕದ್ದು, ತಿದ್ದತಕ್ಕದ್ದಲ್ಲ. ಬರಹವನ್ನು ಸಂಶೋಧಕಿ ಆಯಾ ಹೆಂಗಸಿಗೇ ಓದಲು ಕೊಟ್ಟು, ಆಮೇಲೆ ಎರಡನೆಯ ಸಲ ಮಾತಾಡಿಸುತ್ತಾಳೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಧ್ವನಿ ಪರಿಚಿತರದ್ದೆಂದು ಅನ್ನಿಸಿದ ಕ್ಷಣವೇ ನಿಲ್ಲಿಸಿ ಮುದ್ರಣವನ್ನು ಹಿಂದಿರುಗಿಸತಕ್ಕದ್ದು.

ಬರೀ ಆರು ಜನ! ಸಾವಿರ ತಕ್ಕಡಿ ನೋಡಿದ ಮೇಲೂ ವರದಿ ಬರೆಯಲು ಹಿಂಜರಿಯುತ್ತಿದ್ದವನಿಗೆ ನಗು ಬಂತು. ಮೊದಲ ಮೂವರದನ್ನು ನಗುತ್ತಲೇ ಮುಗಿಸಿದ.

ನಾಲ್ಕನೆಯವಳು ಮಾತಿಗೆ ಮುಂಚೆ ಲೊಚಗುಟ್ಟುತ್ತಿದ್ದಳು. ‘ತ್ಚ’ ಎಂಬ ಸಣ್ಣ ಸದ್ದು, ಆಮೇಲೆ ಮಾತು. ಅದನ್ನು ಮೂರು ಸಲ ನಮೂದಿಸಿದ ಮೇಲೆ ತಕ್ಕಡಿಯ ಬೆರಳು ನಿಂತಿತು. ಅದೇ ಸದ್ದು ಅಡುಗೆಮನೆಯಿಂದಲೂ ಬರುತ್ತಿತ್ತು. ಹೆಡ್‌ಫೋನ್ ತೆಗೆದ. ಹಾಲು ಉಕ್ಕಿದ್ದಕ್ಕೆ ಹೆಂಡತಿ ಲೊಚಗುಟ್ಟುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡ. ಅಲ್ಲೂ ಅವಳೇ.

ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಮಧ್ಯಾಹ್ನವಿಡೀ ಹೊರಗಿದ್ದಳು. ಇವನು ಏನು ಬೆರಳಚ್ಚು ಮಾಡುತ್ತಾನೆಂಬುದು ಅವಳಿಗೆ ಗೊತ್ತಿರಲಿಲ್ಲ. ಕಚೇರಿಯ ಗುಟ್ಟು ಮನೆಯಲ್ಲಿ ಆಡಬಾರದೆಂದು ಇವನು ಅದರ ಬಗ್ಗೆ ಒಂದು ದಿನವೂ ಬಾಯಿಬಿಟ್ಟವನಲ್ಲ.

ದಪ್ಪ ಅಕ್ಷರದ ನಿಯಮ ಕಣ್ಣ ಮುಂದೆಯೇ ಇತ್ತು. ತಕ್ಕಡಿ ಜೀವಮಾನದಲ್ಲಿ ನಿಯಮ ಮುರಿದವನಲ್ಲ. ಬಾಗಿಲ ಕಡೆಗೊಮ್ಮೆ ನೋಡಿ, ಮುಂದಕ್ಕೆ ಒತ್ತಿದ.

“ಒಂದು ದಿನ ಅಂದ್ರೆ ಹೇಗಿರುತ್ತೆ, ಹೇಳ್ತೀರಾ?” ಸಂಶೋಧಕಿಯ ದನಿ.

“ದಿನಾನಾ? ತ್ಚ. ಗಂಟೆಯಿಂದ ಶುರು. ಆಫೀಸಲ್ಲಿ ಮೇಜಿನ ಮೇಲೆ ಇಡ್ತಾರಲ್ಲ, ಆಳು ಕರೆಯೋಕೆ, ಅದು. ಒಂದು ಸಲ ಟಿಂಗ್ ಅಂದ್ರೆ ನೀರು. ಎರಡು ಸಲ ಅಂದ್ರೆ ಬೇಗ ಬಾ. ಮೂರು ಸಲ ಅಂದ್ರೆ ನಾನು ಏನೋ ತಪ್ಪು ಮಾಡಿದೀನಿ ಅಂತ.”

“ಮೂರು ಸಲ ಕೇಳಿಸಿದಾಗ ನಿಮಗೆ ಏನಾಗುತ್ತೆ?”

“ಏನೂ ಆಗಲ್ಲ. ಹೋಗ್ತೀನಿ. ಅವರು ಕೆಟ್ಟವರಲ್ಲ ಮೇಡಂ. ಕುಡಿಯಲ್ಲ, ಹೊಡೆಯಲ್ಲ. ತಿದ್ದುತ್ತಾರೆ. ನಾನು ಏನೇ ಹೇಳಲಿ, ತಿದ್ದುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ಮಾತು ನಂದು ಅಂತ ಪೂರ್ತಿ ಆಡಿಲ್ಲ. ಇವತ್ತೇ ಮೊದಲು.”

ಮೌನ, ೫ ಸೆ. ತಕ್ಕಡಿ ಬರೆದುಕೊಂಡ.

ಹಾಲಿನ ಅಂಗಡಿಗೆ ಹೋಗಿ ಬರುವುದು ಹತ್ತು ನಿಮಿಷದ ಕೆಲಸವಂತೆ. ಅವಳು ಅರ್ಧ ಗಂಟೆ ಮಾಡುತ್ತಾಳಂತೆ. “ಬಸ್ ಸ್ಟಾಪಲ್ಲಿ ಒಂದು ಬೆಂಚಿದೆ. ಸುಮ್ಮನೆ ಕೂರ್ತೀನಿ. ಬಸ್ ಬರುತ್ತೆ, ಹೋಗುತ್ತೆ. ಡ್ರೈವರ್‌ಗಳಿಗೂ ಅಭ್ಯಾಸ ಆಗಿದೆ, ನನ್ನ ನೋಡಿದ್ರೆ ನಿಲ್ಲಿಸೋದೇ ಇಲ್ಲ. ಮನೇಲಿ ಸಾಲು ಉದ್ದ ಇತ್ತು ಅಂತ ಹೇಳ್ತೀನಿ. ಆ ಇಪ್ಪತ್ತು ನಿಮಿಷ ನಾನು ಯಾರ ಹೆಂಡತೀನೂ ಅಲ್ಲ.”

ಆಮೇಲೆ ದನಿ ತಗ್ಗಿತು. “ಆರೈಕೆ ಕೇಂದ್ರದ ಅರ್ಜಿ ತುಂಬಿಟ್ಟಿದೀನಿ. ಬೀರುವಿನ ಕೆಳಗಿನ ಖಾನೇಲಿ, ಹಳೇ ಬೆಡ್‌ಶೀಟುಗಳ ಅಡಿ ಇದೆ. ಎರಡು ತಿಂಗಳಲ್ಲಿ ಒಂದು ಹಾಸಿಗೆ ಖಾಲಿ ಆಗುತ್ತಂತೆ. ಸಹಿ ಒಂದು ಬಾಕಿ. ಪೆನ್ನು ಎತ್ತಿಕೊಂಡಾಗಲೆಲ್ಲ ಟಿಂಗ್ ಅನ್ನುತ್ತೆ.” ನಕ್ಕಳು. ‘ನಗು’ ಎಂದು ತಕ್ಕಡಿ ನಮೂದಿಸಿದ.

ಕೊನೆಯಲ್ಲಿ ಬಿದ್ದ ದಿನದ ಮಾತು ಬಂತು. ಅದನ್ನು ನೂರು ಸಲ ಕೇಳಿದ್ದವನು. ತಲೆಯಲ್ಲಿ ಅರ್ಜಿಯೇ ತುಂಬಿಕೊಂಡಿತ್ತು, ಬೆರಳುಗಳು ತಮ್ಮ ಪಾಡಿಗೆ ಓಡಿದವು. ಮುಗಿಸಿ ಕಳಿಸಿಬಿಟ್ಟ.

ಆರೈಕೆ ಕೇಂದ್ರವನ್ನು ಅವನು ಬಲ್ಲ. ಕೆಲಸದಲ್ಲಿದ್ದಾಗ ಅಲ್ಲಿನ ಅಡುಗೆಮನೆಯ ತಕ್ಕಡಿಗೆ ಮುದ್ರೆ ಹಾಕಲು ಹೋಗುತ್ತಿದ್ದ. ಸಾಲಾಗಿ ಹಾಸಿಗೆ, ಗೋಡೆಗೆ ಮುಖಮಾಡಿ ಮಲಗಿದ ಗಂಡಸರು, ತಿಂಗಳಿಗೊಮ್ಮೆ ಬಂದು ಹತ್ತು ನಿಮಿಷ ಕೂತು ಹೋಗುವ ನೆಂಟರು. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದು ಲೇಸು ಎನ್ನಿಸಿತು. ಎರಡು ತಿಂಗಳಿತ್ತು. ಎದುರಾಳಿಯ ಪ್ರಶ್ನೆಪತ್ರಿಕೆ, ಉತ್ತರ ಸಮೇತ, ಕೈಗೆ ಬಂದಿತ್ತು.

ಮರುದಿನವೇ ಗಂಟೆ ಮಾಯವಾಯಿತು.

“ಇವಳೇ, ಬಿಡುವಾದಾಗ ಒಂದು ಲೋಟ ನೀರು,” ಎಂದು ಕೂಗಿದ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. “ಗಂಟೆ ಎಲ್ಲಿ ರೀ?”

“ಕೆಟ್ಟಿದೆ. ಹೋಗ್ಲಿ ಬಿಡು, ಎಷ್ಟು ದಿನ ಅಂತ ಬಾರಿಸೋದು.”

ಅವಳು ಮೇಜನ್ನೂ ಅವನನ್ನೂ ಒಮ್ಮೆ ನೋಡಿ, ಜ್ವರವೇನಾದರೂ ಇದೆಯೇ ಎಂದು ಹಣೆ ಮುಟ್ಟಿದಳು.

ತಿದ್ದುವುದನ್ನೂ ಬಿಟ್ಟ. ಬುಧವಾರವನ್ನು ಅವಳು ಮಂಗಳವಾರ ಎಂದಾಗ ನಾಲಿಗೆ ಕಚ್ಚಿಕೊಂಡ. ಅಕ್ಕ ಯಾರೋ ಗೆಳತಿಯನ್ನು ಕರೆದುಕೊಂಡು ಬಂದಾಗ ಹೊರಗಿನ ಕೋಣೆಯಲ್ಲಿ “ಒಂಬತ್ತಡಿ ಏಣಿ...” ಎಂದ ಹೆಂಡತಿ ಅಭ್ಯಾಸಬಲದಿಂದ ಮಾತು ತಡೆದಳು. ಒಳಗಿನಿಂದ ಏನೂ ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ಕಥೆ ತನ್ನ ಪಾಡಿಗೆ ಮುಂದೆ ಹೋಯಿತು.

“ಏನೇ, ನಿನ್ನ ತಕ್ಕಡಿಗೆ ತುಕ್ಕು ಹಿಡೀತಾ?” ಎಂದು ಅಕ್ಕ ನಕ್ಕದ್ದು ಒಳಗೂ ಕೇಳಿಸಿತು. ಹೆಂಡತಿ ನಗಲಿಲ್ಲ. “ಪಾಪ, ಬದಲಾಗಿದ್ದಾರೆ ಅಕ್ಕ,” ಎಂದಳು. ಆ ‘ಪಾಪ’ವನ್ನು ತಕ್ಕಡಿ ಮನಸ್ಸಿನ ತಟ್ಟೆಯಲ್ಲಿಟ್ಟು ತೂಗಿದ. ತೂಕ ಚೆನ್ನಾಗಿಯೇ ಬಂತು.

ದಿನಾ ಅವಳು ಸ್ನಾನಕ್ಕೆ ಹೋದಾಗ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಬೀರುವಿನ ಕೆಳಗಿನ ಖಾನೆ ತೆರೆಯುವನು. ಬೆಡ್‌ಶೀಟುಗಳ ಅಡಿ ಅರ್ಜಿ. ಸಹಿಯ ಜಾಗ ಖಾಲಿ. ಮಡಿಕೆ ಇದ್ದ ಹಾಗೆಯೇ ಇಟ್ಟು ಬರುವನು.

ಇಷ್ಟಕ್ಕೇ ನಿಲ್ಲಿಸಿದ್ದರೆ ಗೆದ್ದುಬಿಡುತ್ತಿದ್ದನೋ ಏನೋ. ಆದರೆ ಆ ಇಪ್ಪತ್ತು ನಿಮಿಷ ಅವನೊಳಗೆ ಮುಳ್ಳಿನಂತೆ ಕೂತಿತ್ತು. ಗಂಟೆಯ ಮಾತನ್ನು ಕ್ಷಮಿಸಿದ, ಅರ್ಜಿಯನ್ನೂ ಅರ್ಥಮಾಡಿಕೊಂಡ. ಬೆಂಚನ್ನು ಮಾತ್ರ ಸಹಿಸಲಾಗಲಿಲ್ಲ. ತಾನು ಇಲ್ಲಿ ಕುರ್ಚಿಗೆ ಅಂಟಿ ಕೂತಿರುವಾಗ ಅವಳು ಅಲ್ಲಿ ಬಸ್ಸು ನೋಡುತ್ತಾ, ಯಾರ ಹೆಂಡತಿಯೂ ಆಗದೆ! ಒಂದು ಬೆಳಗ್ಗೆ ಹಾಲಿನ ಅಂಗಡಿಗೆ ಫೋನ್ ಮಾಡಿದ. ಅಂಗಡಿಯವನು ಹಳೆಯ ಪರಿಚಯ, ಇವನ ಮುದ್ರೆಯ ಭಯ ಇನ್ನೂ ಇಳಿದಿರಲಿಲ್ಲ. ಇವತ್ತಿನಿಂದಲೇ ಬಾಗಿಲಿಗೆ ಹಾಲು ಎಂದು ಒಪ್ಪಿಕೊಂಡ.

ಸಂಜೆ ಅವಳು ಚೀಲ ಹಿಡಿದು ಹೊರಟಾಗ ತಕ್ಕಡಿ ಹೇಳಿದ: “ಇನ್ನು ಹೋಗಬೇಕಾಗಿಲ್ಲ ಕಣೇ. ಮನೆಗೇ ತಂದುಕೊಡ್ತಾನೆ. ಆ ಉದ್ದದ ಸಾಲಲ್ಲಿ ನಿಂತು ನಿಂತು ನಿನ್ನ ಕಾಲು ಬಿದ್ದುಹೋಗ್ತಿತ್ತು.”

ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಅವನು ಒಳಗೊಳಗೇ ಎಣಿಸಿದ. ಮೌನ, ಆರು ಸೆಕೆಂಡು.

“ಒಳ್ಳೇದಾಯ್ತು ಬಿಡಿ,” ಎಂದಳು.

ಎರಡು ದಿನ ಬಿಟ್ಟು ತರಕಾರಿಗೆ ಹೊರಟಳು. ತರಕಾರಿಯೂ ಬಾಗಿಲಿಗೇ ಬಂತು. ಔಷಧಿಯೂ ಬಂತು. ಅವಳ ಮುಖದಲ್ಲಿ ಬಣ್ಣ ಕಳೆಯುತ್ತಾ ಹೋದದ್ದನ್ನು ಅವನು ನೋಡಿದ. ಅಂಗಡಿಯವನು ತೂಕದ ತಟ್ಟೆಯಡಿ ಮೋಸಕ್ಕೆಂದು ಅಂಟಿಸಿದ ಮೇಣವನ್ನು ಕಿತ್ತು ತೆಗೆದಾಗ ಆಗುತ್ತಿದ್ದಂಥ ಒಂದು ಹಿತ ಅವನಿಗಾಯಿತು. ಮರುಗಳಿಗೆಯೇ ಅವಳ ಕಾಫಿಯನ್ನೂ ಹೊಗಳಿದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಮತ್ತೆ ಕರೆದರು. ಸಂಜೆ ಮನೆಗೆ ಬಂದವಳ ಕೈಚೀಲದಲ್ಲಿ ಒಂದು ಕಂದು ಲಕೋಟೆ ಇಣುಕುತ್ತಿತ್ತು. ಬರಹವನ್ನು ಓದಲು ಕೊಟ್ಟಿದ್ದಾರೆ ಎಂದು ತಕ್ಕಡಿಗೆ ತಿಳಿಯಿತು. ಓದಲಿ. ಒಂದು ಕಾಗುಣಿತ ತಪ್ಪಿಲ್ಲದ ಬರಹ.

“ಹಲ್ಲು ಸರಿ ಹೋಯ್ತಾ?”

“ಇಲ್ಲ ರೀ. ಬೇರು ಆಳಕ್ಕಿದೆಯಂತೆ. ಇನ್ನೊಂದು ಸಲ ಹೋಗಬೇಕು.”

ಎರಡು ದಿನ ಅವಳು ಮಾತಾಡಲಿಲ್ಲ. ಮೂರನೆಯ ದಿನ ನಗುತ್ತಾ ಎದ್ದಳು. ಅವನಿಗೆ ಬೆಚ್ಚಗಿನ ನೀರಿನಲ್ಲಿ ತಲೆ ತೊಳೆದಳು, ಉಗುರು ಕತ್ತರಿಸಿದಳು. ಮಧ್ಯಾಹ್ನ ಡಾಕ್ಟರ ಹತ್ತಿರ ಹೋದಳು. ಅವಳು ಬೀದಿ ತಿರುಗುತ್ತಲೇ ತಕ್ಕಡಿ ಬೀರುವಿನ ಖಾನೆ ತೆರೆದ. ಬೆಡ್‌ಶೀಟುಗಳಿದ್ದವು. ಅರ್ಜಿ ಇರಲಿಲ್ಲ.

ನಾಲ್ಕು ದಿನ ಅವನಿಗೆ ಊಟ ಸೇರಲಿಲ್ಲ. ಸಹಿ ಹಾಕಿ ಕಳಿಸಿಯೇಬಿಟ್ಟಳೇ? ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾಳೆ. ಐದನೆಯ ದಿನ ಕಚೇರಿಯಿಂದ ಹೊಸ ಮುದ್ರಣ ಬಂತು: ನಾಲ್ಕನೆಯವರು, ಎರಡನೆಯ ಸಂದರ್ಶನ. ಪರೀಕ್ಷೆಯ ಫಲಿತಾಂಶ ನೋಡುವವನಂತೆ ಹೆಡ್‌ಫೋನ್ ಹಾಕಿಕೊಂಡ.

“ಓದಿದ್ರಾ?”

“ಎರಡು ಸಲ ಓದಿದೆ. ಯಾರು ಮೇಡಂ ಇದನ್ನ ಟೈಪ್ ಮಾಡೋದು?”

“ಒಂದು ಕಚೇರಿಗೆ ಕೊಡ್ತೀವಿ. ಅಲ್ಲಿ ಯಾರು ಮಾಡ್ತಾರೋ ನನಗೂ ಗೊತ್ತಿಲ್ಲ. ಯಾಕೆ, ಏನಾದ್ರೂ ತಪ್ಪಾಗಿದ್ಯಾ?”

“ತುಂಬಾ ಅಚ್ಚುಕಟ್ಟು. ನಾನು ಎಷ್ಟು ಸೆಕೆಂಡ್ ಸುಮ್ಮನಿದ್ದೆ ಅಂತಾನೂ ಬರೆದಿದ್ದಾರೆ. ಒಂದೇ ಒಂದು ತಪ್ಪು. ಏಣಿ ಒಂಬತ್ತಡಿ ಅಂತ ಹೇಳಿದ್ದೆ ನಾನು. ಇಲ್ಲಿ ಹನ್ನೊಂದು ಅಂತ ಇದೆ.”

ತಕ್ಕಡಿಯ ಕೈ ತಾನಾಗಿಯೇ ಧ್ವನಿ ನಿಲ್ಲಿಸಿತು. ಹಳೆಯ ಬರಹವನ್ನು ತೆರೆದು ಕೊನೆಯ ಪುಟಕ್ಕೆ ಹೋದ. ‘ಹನ್ನೊಂದಡಿ ಏಣಿ, ಅದರ ತುದೀಲಿ ನಿಂತಿದ್ರು.’ ತಾನು ಬರೆದದ್ದು ಅವನಿಗೆ ನೆನಪೇ ಇರಲಿಲ್ಲ. ಗಂಟೆ, ಹಾಲು, ಬೆಂಚು, ಎಲ್ಲ ಒಟ್ಟಿಗೆ ಅವನ ಕಣ್ಣೆದುರು ಬಂದು ನಿಂತವು. ಅವಳ ಕಣ್ಣೆದುರೂ ಹೀಗೆಯೇ ಬಂದು ನಿಂತಿರಬೇಕು. ಬಹಳ ಹೊತ್ತಿನ ಮೇಲೆ ಮತ್ತೆ ಒತ್ತಿದ.

“ಅಯ್ಯೋ, ಸಾರಿ. ತಿದ್ದಿಸ್ತೀನಿ,” ಎನ್ನುತ್ತಿದ್ದಳು ಸಂಶೋಧಕಿ.

“ಬೇಡ ಬಿಡಿ. ಹನ್ನೊಂದೇ ಸರಿ.” ಮೌನ, ೯ ಸೆ. “ತ್ಚ. ಹೋದ ಸಲ ಒಂದು ಮಾತು ಹೇಳಿರಲಿಲ್ಲ. ಆ ಏಣಿ ಹಿಡ್ಕೊಂಡಿದ್ದು ನಾನು.”

“ಅದನ್ನ ಈಗ ಹೇಳಬೇಕು ಅಂತ ಯಾಕೆ ಅನ್ನಿಸ್ತು?”

“ಮನಸ್ಸಿಟ್ಟು ಕೇಳೋರು ಒಬ್ರು ಇದ್ದಾರೆ ಅಂತ ಈಗ ಗೊತ್ತಾಯ್ತಲ್ಲ.”

ಸಂಶೋಧಕಿ ಅದನ್ನು ತನಗೇ ಹೇಳಿದ್ದೆಂದುಕೊಂಡಳು. “ಥ್ಯಾಂಕ್ಸ್,” ಎಂದಳು ಮೆಲ್ಲಗೆ.

“ಅವರ ಮುಖ ಗೋಡೆ ಕಡೆ ಇತ್ತು. ‘ನೆಟ್ಟಗೆ ಹಿಡಿ, ಅದೂ ಬರಲ್ವಾ ನಿನಗೆ’ ಅಂದ್ರು. ಹೊಸ ಮಾತೇನಲ್ಲ, ಸಾವಿರ ಸಲ ಅಂದಿರೋದೇ. ಅವತ್ತು ಯಾಕೋ ನನ್ನ ಕೈ ನೋಡ್ಕೊಂಡೆ. ಎರಡೂ ಏಣಿ ಮೇಲಿದ್ವು. ತೆಗೆದೆ.”

“ತೆಗೆದ್ರಿ?”

“ತಳ್ಳಲಿಲ್ಲ. ತೆಗೆದೆ, ಅಷ್ಟೆ. ಒದ್ದೆ ಆಗಿತ್ತು, ಒರೆಸ್ಕೊಳ್ಳೋಕೆ ಇರಬಹುದು. ಬೇರೆ ಏನಕ್ಕಾದ್ರೂ ಇರಬಹುದು.”

ಮೌನ. ತಕ್ಕಡಿ ಗಡಿಯಾರ ನೋಡುತ್ತಲೇ ಇದ್ದ. ೪೧ ಸೆ.

“ಇದು ನಿಜಾನಾ ಸುಳ್ಳಾ ಅಂತ ನೀವು ಕೇಳಲ್ಲ ಅಲ್ವಾ ಮೇಡಂ?”

“ಇಲ್ಲ. ನಿಮ್ಮ ಪಾಲಿಗೆ ಅದು ಏನಾಗಿತ್ತು ಅನ್ನೋದಷ್ಟೇ ನನಗೆ ಮುಖ್ಯ.”

“ಅದೇ ಒಳ್ಳೇದು. ಅವರೂ ಕೇಳೋ ಹಾಗಿಲ್ಲ.”

“ಯಾರು?”

“ಯಾರೂ ಇಲ್ಲ ಬಿಡಿ.”

ಆಮೇಲೆ ಸಂಶೋಧಕಿ ಆರೈಕೆ ಕೇಂದ್ರದ ಮಾತೆತ್ತಿದಳು. ಅರ್ಜಿ ಏನಾಯಿತು?

“ಹರಿದು ಹಾಕಿದೆ. ಎಲ್ಲೂ ಕಳಿಸಲ್ಲ ಅವರನ್ನ. ಅಲ್ಲಿ ನರ್ಸುಗಳು ಇರ್ತಾರೆ, ದಿನಾ ಬದಲಾಗ್ತಾರೆ. ಇಲ್ಲಾದ್ರೆ ನಾನೊಬ್ಬಳೇ. ಸ್ನಾನಕ್ಕೆ ಎತ್ತೋದೂ ನಾನೇ, ಮಂಚಕ್ಕೆ ಇಳಿಸೋದೂ ನಾನೇ. ಇದೇ ಎರಡು ಕೈ. ಕೊನೇವರೆಗೂ ನಾನೇ ನೋಡ್ಕೊಳ್ತೀನಿ.” ನಗು. “ಬಿಡದ ಹಾಗೆ ಹಿಡ್ಕೊಳ್ತೀನಿ.”

“ಎಷ್ಟು ದೊಡ್ಡ ಮಾತು ಹೇಳಿದ್ರಿ,” ಎಂದಳು ಸಂಶೋಧಕಿ. ಎಡ ಅಂಚಿನಲ್ಲಿ ಅವಳು ಏನು ಬರೆಯುತ್ತಾಳೆಂದು ತಕ್ಕಡಿಗೆ ಗೊತ್ತಿತ್ತು. ಕ್ಷಮೆ ಎಂದೋ, ಮರಳಿದ ಪ್ರೀತಿ ಎಂದೋ ಬರೆಯುತ್ತಾಳೆ.

ಅವನು ಕೇಳಿಕೊಂಡದ್ದು ಸಿಕ್ಕಿತ್ತು. ಆರೈಕೆ ಕೇಂದ್ರ ತಪ್ಪಿತ್ತು. ನಿಜವೇ ಎಂದು ಅವಳನ್ನು ಕೇಳಬೇಕಾದರೆ ಕದ್ದು ಕೇಳಿದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೂ ಅವಳು ಹೇಳುವುದನ್ನು ತೂಗಿ ನೋಡಲು ಅವನ ಬಳಿ ಯಾವ ಕಲ್ಲೂ ಇರಲಿಲ್ಲ. ಅಂದು ಅವನು ಕಂಡದ್ದು ಗೋಡೆಯನ್ನು ಮಾತ್ರ. ನೆಲ ಒದ್ದೆಯಾಗಿತ್ತು, ಏಣಿ ಜಾರಿತು ಎಂದು ಮೊದಲು ಹೇಳಿದವಳೂ ಅವಳೇ.

ಬೆರಳಚ್ಚು ಮಾಡಿದ. ಹೇಳಿದ್ದನ್ನು ಹೇಳಿದ ಹಾಗೆಯೇ. ಒಂದಕ್ಷರ ತಿದ್ದದೆ ಕಳಿಸಿದ.

ಹೆಡ್‌ಫೋನ್ ತೆಗೆಯುವ ಹೊತ್ತಿಗೆ ಹೆಂಡತಿ ಒಳಗೆ ಬಂದಳು. ಕೈಯಲ್ಲಿ ಗಂಟೆಯಿತ್ತು. ಮೇಜಿನ ಮೇಲೆ, ಅವನ ಕೈಗೆ ಸಿಗುವಲ್ಲಿ ಇಟ್ಟಳು. ಒಮ್ಮೆ ಒತ್ತಿ ತೋರಿಸಿದಳು. ಟಿಂಗ್.

“ಕೆಟ್ಟಿಲ್ಲ ರೀ, ಚೆನ್ನಾಗೇ ಇದೆ. ಬಾರಿಸಿ, ಸಂಕೋಚ ಬೇಡ. ಕೆಲಸ ಜಾಸ್ತಿನಾ ಇವತ್ತು? ಮುಖ ಬಾಡಿದೆ.”

“ಹೂಂ.”

“ಬನ್ನಿ, ಸ್ವಲ್ಪ ಮಲಗಿ.”

ದಿನದ ರೂಢಿಯಂತೆ ಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದಳು. ಬಾಗಿ ಅವನ ಕಂಕುಳಡಿ ಎರಡೂ ಕೈ ಹಾಕಿದಳು. ಪಾತ್ರೆ ತೊಳೆದು ಬಂದ ಕೈ, ಇನ್ನೂ ಒದ್ದೆ. ಎತ್ತಿದಳು. ಕುರ್ಚಿ ಹಿಂದಾಯಿತು, ಮಂಚ ಇನ್ನೂ ಸಿಕ್ಕಿರಲಿಲ್ಲ. ಅಲ್ಲೇ ನಿಂತಳು.

“ಅಕ್ಕ ಕೇಳ್ತಿದ್ಲು ರೀ. ಆ ಏಣಿ ಎಷ್ಟಡಿ ಇತ್ತು?”

ಅವನ ಗಲ್ಲ ಅವಳ ಹೆಗಲ ಮೇಲಿತ್ತು. ಮುಖ ಕಾಣುವಂತಿರಲಿಲ್ಲ. ಈಗಲೂ ಕಂಡದ್ದು ಗೋಡೆ ಮಾತ್ರ.

“ಒಂಬತ್ತು,” ಎಂದ ತಕ್ಕಡಿ.

“ತ್ಚ,” ಎಂದಳು ಅವಳು. “ಒಂಬತ್ತಲ್ಲ ರೀ, ಹನ್ನೊಂದು.”

ಆದರೂ ಇಳಿಸಲಿಲ್ಲ. ಮೂರು ಸೆಕೆಂಡು ಮೀರಿದ್ದನ್ನು ನಮೂದಿಸಬೇಕು. ಅವನು ಎಣಿಸತೊಡಗಿದ.